ಮಾಮೂಲಿ ದಿನ

ಕಾರ್ತಿಕ ಮಾಸ ಮುಗಿಯುವ ಹೊತ್ತಿಗೆ ಅಟ್ಟೂರಿನ ಚನ್ನಕೇಶವನ ಮನೆಯಲ್ಲಿ ಮುದ್ದೆ ನಿಂತು ಹನ್ನೊಂದು ವಾರವಾಗಿತ್ತು. ಬೆಳಿಗ್ಗೆ ಉಪ್ಪಿಟ್ಟೋ ಚಿತ್ರಾನ್ನವೋ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅದೇ ಅನ್ನ, ಅದೇ ಸಾರು. ಇಷ್ಟು ದಿನ ಯಾರೂ ಬಾಯಿ ಬಿಟ್ಟು ಏನೂ ಅಂದಿರಲಿಲ್ಲ. ಆ ಶುಕ್ರವಾರ ಮಸ್ಸೊಪ್ಪಿನ ಸಾರು ಮುಂದೆ ಬಂದಾಗ ಚನ್ನಕೇಶವನ ತಾಯಿ ಮುನಿಶಾಮಮ್ಮನಿಗೆ ತಡೆಯಲಾಗಲಿಲ್ಲ.

"ಮಸ್ಸೊಪ್ಪನ್ನ ಅನ್ನಕ್ಕೆ ಕಲಸ್ಕಂಡು ತಿನ್ನೋ ಅಂಗಾಯ್ತಲ್ಲ ನಮ್ ಬಾಳು."

"ಅಜ್ಜಿ, ಸುಮ್ನೆ ಊಟ ಮಾಡು," ಎಂದಳು ಮೊಮ್ಮಗಳು ಸಂಯುಕ್ತಾ. ಅವಳು ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ.

"ನಾನೇನ್ ಅಂದೆ? ಅನ್ನ ತಿಂದ್ರೆ ಒಟ್ಟೆ ನಿಲ್ಲಾಕಿಲ್ಲ ಅಂದೆ. ತೊಳಸಾಕೆ ನನ್ ರಟ್ಟೇಲಿ ಕಸುವಿದ್ದಿದ್ರೆ ನಾನೇ ಮಾಡ್ತಿದ್ದೆ. ಅಷ್ಟೂ ಅನ್ನಬಾರ್ದಾ?"

ಚನ್ನಕೇಶವನ ಹೆಂಡತಿ ಧನಲಕ್ಷ್ಮಿ ಎದ್ದಳು. "ಇರಿ ಅತ್ತೆ, ಎರಡು ಮುದ್ದೆಗೆ ಎಷ್ಟು ಹೊತ್ತು," ಎಂದು ಪಾತ್ರೆಗೆ ನೀರಿಟ್ಟಳು. ನೀರು ಮರಳಿತು, ಹಿಟ್ಟು ಬಿತ್ತು. ಮುದ್ದೆ ಕೋಲು ಹಿಡಿದು ಮೂರು ಸುತ್ತು ತಿರುಗಿಸುವಷ್ಟರಲ್ಲಿ ಬಲಗಡೆ ಪಕ್ಕೆಲುಬಿನ ಕೆಳಗೆ ಒಳಗಿನಿಂದ ಯಾರೋ ದಾರ ಹಿಡಿದು ಜಗ್ಗಿದ ಹಾಗಾಯಿತು. ಕೋಲು ಬಿಟ್ಟು ನೆಲದ ಮೇಲೆ ಕೂತಳು. ಕೂತ ಮೇಲೆ ಎದೆ ಶುರುವಾಯಿತು. ದಡದಡ ಅನ್ನುವುದು, ಒಂದು ಬಡಿತ ತಪ್ಪುವುದು, ಮತ್ತೆ ದಡದಡ. ಅಂಗೈ ತಣ್ಣಗಾಯಿತು.

"ಮತ್ತೆ ಬಂತಾ?" ಎಂದ ಚನ್ನಕೇಶವ, ತಟ್ಟೆ ಬಿಟ್ಟು ಎದ್ದು ಬಂದು.

"ಬಂತು."

"ಆಸ್ಪತ್ರೆಗೆ ಹೋಗೋಣ್ವಾ?"

"ಹೋದ್ರೆ ಅಷ್ಟೊತ್ತಿಗೆ ನಿಂತೋಗಿರುತ್ತೆ. ಹೋದ್ಸಲನೂ ಅಂಗೇ ಆಯ್ತಲ್ಲ."

ಅದು ನಿಜವಾಗಿತ್ತು. ಗೌರಿ ಹಬ್ಬ ಕಳೆದ ಮೇಲೆ ಅವಳ ಪಿತ್ತಕೋಶವನ್ನು ತೆಗೆದಿದ್ದರು. ಹೊಟ್ಟೆ ಕುಯ್ದಿರಲಿಲ್ಲ. ಸಣ್ಣ ತೂತುಗಳನ್ನು ಮಾಡಿ, ಕಲ್ಲುಗಳನ್ನು ಒಂದು ಪುಟ್ಟ ಬಾಟಲಿಗೆ ಹಾಕಿ ಕೈಗೆ ಕೊಟ್ಟು, ಎರಡು ದಿನದಲ್ಲಿ ಮನೆಗೆ ಕಳಿಸಿದ್ದರು. ಎರಡು ಮೂರು ವಾರದಲ್ಲಿ ಎಲ್ಲಾ ಕೆಲಸ ಮಾಡಬಹುದು ಅಂದಿದ್ದರು. ನೋವು ಹೋಗಲಿಲ್ಲ. ತಿಂಗಳಾದ ಮೇಲೆ ಎದೆಯದು ಶುರುವಾಯಿತು. ಇ.ಸಿ.ಜಿ. ಮಾಡಿದರು, ಎಕೋ ಮಾಡಿದರು, ಥೈರಾಯ್ಡ್ ನೋಡಿದರು, ಹೊಟ್ಟೆಯ ಸ್ಕ್ಯಾನ್ ಮತ್ತೊಂದು ಸಲ ಮಾಡಿದರು. ಪ್ರತಿ ಕಾಗದದ ಕೊನೆಯಲ್ಲೂ ನಾರ್ಮಲ್ ಎಂದೇ ಇತ್ತು.

ಆಪರೇಷನ್ ಆದ ಹೊಸತರಲ್ಲಿ ಸೊಸೆಯನ್ನು ನೋಡಿಕೊಂಡವಳು ಮುನಿಶಾಮಮ್ಮನೇ. ಬಾಣಂತಿಗೆ ಮಾಡುವ ಹಾಗೆ ನಲವತ್ತು ದಿನ ಮಾಡಿದ್ದಳು. ಕಿವಿಗೆ ಬಟ್ಟೆ ಕಟ್ಟಿಸಿದಳು, ತಣ್ಣೀರು ಮುಟ್ಟಗೊಡಲಿಲ್ಲ, ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ ತಿನ್ನಿಸಿದಳು. ನಲವತ್ತೊಂದನೇ ದಿನ ಕಿವಿಯ ಬಟ್ಟೆ ತಾನೇ ಬಿಚ್ಚಿ, "ಇನ್ನು ಎದ್ದೇಳವ್ವಾ," ಅಂದಿದ್ದಳು. ಸೊಸೆ ಎದ್ದಳು, ಆದರೆ ಮೊದಲಿನ ಹಾಗೆ ಏಳಲಿಲ್ಲ. ಮುದುಕಿಗೆ ಅರ್ಥವಾಗದಿದ್ದದ್ದು ಅದೇ.

"ಮೂರು ಎತ್ತೋಳಿಗೆ ಮಾಡೋ ಆರೈಕೆ ಮೂರು ತೂತಿಗೆ ಮಾಡಿದೀನಿ," ಎಂದು ಈಗಲೂ ಅಂದಳು. "ನಾನು ಇವನನ್ನ ಎತ್ತ ಒಂದೂವರೆ ತಿಂಗ್ಳಿಗೆ ಕಳೆ ಕೀಳಾಕೆ ಓಗಿದ್ದೆ."

"ಅಪ್ಪ ತೊಳಸ್ಲಿ ಅಜ್ಜಿ ಮುದ್ದೆನ," ಎಂದಳು ಸಂಯುಕ್ತಾ. "ದಿನಾ ಸ್ಟೇರಿಂಗ್ ತಿರುಗಿಸೋ ಕೈ."

ಚನ್ನಕೇಶವ ಶಾಲಾ ಮಕ್ಕಳ ವ್ಯಾನ್ ಓಡಿಸುತ್ತಿದ್ದ. ಅವನು ಕೋಲು ಹಿಡಿದು ನೋಡಿದ. ಮುದ್ದೆ ಪೂರ್ತಿ ಗಂಟಾಯಿತು. ಮುನಿಶಾಮಮ್ಮ ಒಂದು ತುತ್ತು ಮುರಿದು ನೋಡಿ, ಒಳಗಿದ್ದ ಒಣಹಿಟ್ಟನ್ನು ಬೆರಳಿನಿಂದ ಎತ್ತಿ ಮಗನಿಗೆ ತೋರಿಸಿ, ಅನ್ನಕ್ಕೆ ಸಾರು ಹಾಕಿಸಿಕೊಂಡಳು.

ಮಾರನೇ ವಾರ ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಅತೀಯಾ ಎಂಬ ಡಾಕ್ಟರು ಧನಲಕ್ಷ್ಮಿಯನ್ನು ನೋಡಿದರು. ಚಿಕ್ಕ ವಯಸ್ಸು, ಮಾತು ನಿಧಾನ. ಫೈಲು ಪೂರ್ತಿ ಓದಿ ಆದ ಮೇಲೆ ತಲೆ ಎತ್ತಿದರು.

"ಇ.ಸಿ.ಜಿ. ಒಂದು ನಿಮಿಷದ ಕೆಲಸ ಅಮ್ಮ. ಆ ನಿಮಿಷದಲ್ಲಿ ಬರ್ದೇ ಇದ್ರೆ ನಮಗೆ ಕಾಣಲ್ಲ. ಇಪ್ಪತ್ನಾಲ್ಕು ಗಂಟೆ ನೋಡೋ ಮಿಷನ್ ಇದೆ, ಅದನ್ನ ಹಾಕೋಣ."

ಧನಲಕ್ಷ್ಮಿಗೆ ಜೀವ ಬಂದ ಹಾಗಾಯಿತು. ದಿನವಿಡೀ ನೋಡುವ ಯಂತ್ರ ಅಂದರೆ ತಪ್ಪಿಸಿಕೊಂಡು ಎಲ್ಲಿಗೆ ಹೋಗುತ್ತೆ? ಇದ್ದರೆ ಕಾಣಲೇಬೇಕು. ಇತ್ತೀಚೆಗೆ ಅವಳಿಗೇ ಅನುಮಾನ ಶುರುವಾಗಿತ್ತು, ತಾನೇ ಏನೋ ಅಂದುಕೊಂಡು ಬರಿಸಿಕೊಳ್ಳುತ್ತಿದ್ದೇನಾ ಅಂತ. ಗಂಡನಿಗೂ ಅದನ್ನು ಹೇಳಿರಲಿಲ್ಲ.

ಯಂತ್ರ ಕಟ್ಟುವ ಹುಡುಗಿ ಎದೆಗೆ ಐದು ಕಡೆ ಅಂಟಿಸಿ, ವೈರು ಸಿಕ್ಕಿಸಿ, ಪುಟ್ಟ ಡಬ್ಬಿಯನ್ನು ಸೊಂಟಕ್ಕೆ ಕಟ್ಟಿದಳು. ಒಂದು ಹಾಳೆ ಕೊಟ್ಟಳು. ಎಷ್ಟು ಗಂಟೆಗೆ ಏನು ಮಾಡುತ್ತಿದ್ದಿರಿ, ಆಗ ಏನನ್ನಿಸಿತು, ಬರೆಯಬೇಕು. "ಮಾಮೂಲಿಯಾಗಿರಿ ಆಂಟಿ. ಸ್ನಾನ ಮಾತ್ರ ಬೇಡ. ವೈರ್ ಕಿತ್ತು ಬಂದ್ರೆ ಮತ್ತೆ ಮೊದಲಿಂದ ಹಾಕ್ಬೇಕಾಗುತ್ತೆ."

ಚನ್ನಕೇಶವನ ಕಿವಿಯಲ್ಲಿ ನಿಂತದ್ದು ಕೊನೆಯ ಮಾತು ಒಂದೇ. ಹೆಬ್ಬಾಳದಿಂದ ಅಟ್ಟೂರಿನವರೆಗೂ ಹಂಪು ಕಂಡಲ್ಲೆಲ್ಲ ವ್ಯಾನನ್ನು ಹೆಚ್ಚುಕಮ್ಮಿ ನಿಲ್ಲಿಸಿಕೊಂಡೇ ಬಂದ. ಹಿಂದಿನವರು ಹಾರ್ನ್ ಹೊಡೆದರೆ ಕೈ ಮುಗಿದ.

ಮನೆಯಲ್ಲಿ ಮುನಿಶಾಮಮ್ಮ ಸೊಸೆಯ ಸೊಂಟದ ಡಬ್ಬಿಯನ್ನು ಬಗ್ಗಿ ನೋಡಿದಳು.

"ನಾಳೆವರ್ಗೂ ಬಿಚ್ಚಂಗಿಲ್ವಾ?"

"ಇಲ್ಲ ಅತ್ತೆ."

"ಅಂಗಾದ್ರೆ ಕಂಕಣ ಕಟ್ಟಿದಂಗೇ ಅನ್ನು. ಕಂಕಣ ಕಟ್ಟಿದ್ಮೇಲೆ ಒಸ್ಲು ದಾಟಬಾರ್ದು, ಕಣ್ಣಲ್ಲಿ ನೀರು ಆಕಬಾರ್ದು. ಓಗಿ ಮಲಕ್ಕೋ."

ಆ ದಿನ ಆ ಮನೆಯಲ್ಲಿ ಯಾರೂ ದನಿ ಎತ್ತಲಿಲ್ಲ. ಚನ್ನಕೇಶವ ಸಂಪಿನಿಂದ ನೀರು ಸೇದಿದ, ಪಾತ್ರೆ ತೊಳೆದ. ಸಂಯುಕ್ತಾ ಕಾಲೇಜಿಗೆ ರಜೆ ಹಾಕಿ, ಹಾಳೆ ಪೆನ್ನು ಹಿಡಿದು ಅಮ್ಮನ ಪಕ್ಕ ಕೂತಳು. ಮುನಿಶಾಮಮ್ಮ ಪಕ್ಕದ ಮನೆಯಿಂದ ಎರಡು ಮುದ್ದೆ ಮಾಡಿಸಿ ತಂದು, ಹುರುಳಿಕಾಳಿನ ಸಾರು ಮಾಡಿ ಸೊಸೆಗೆ ಮಂಚದ ಹತ್ತಿರವೇ ತಟ್ಟೆ ಕೊಟ್ಟಳು. ಧನಲಕ್ಷ್ಮಿ ಏಳಲು ಹೋದಾಗಲೆಲ್ಲ ಮೂರು ಕಡೆಯಿಂದ "ಅಲುಗಬೇಡ" ಅನ್ನುವ ಮಾತು ಬರುತ್ತಿತ್ತು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವಳು ಅಷ್ಟು ನೆಮ್ಮದಿಯಾಗಿ ಕಳೆದ ದಿನ ಇನ್ನೊಂದಿರಲಿಲ್ಲ. ಎದೆ ಒಂದು ಸಲವೂ ತಪ್ಪು ಬಡಿಯಲಿಲ್ಲ.

ರಿಪೋರ್ಟ್ ನಾರ್ಮಲ್ ಬಂತು.

"ಇಡೀ ದಿವ್ಸ ಕಾದು ಕೂತ ಮಿಷಿನ್ನೂ ಏನಿಲ್ಲ ಅಂತದಲ್ಲ," ಎಂದಳು ಮುನಿಶಾಮಮ್ಮ. ಹೀಯಾಳಿಸಿ ಅಂದದ್ದಲ್ಲ. ಸಮಾಧಾನ ಮಾಡುವ ದನಿಯಲ್ಲೇ ಅಂದಳು. "ಮನಸ್ನ ಗಟ್ಟಿ ಮಾಡ್ಕೋ. ಕೆಲ್ಸಕ್ಕೆ ಓಗು. ನಾಕು ಜನದ ಮದ್ಯ ಇದ್ರೆ ಇದೆಲ್ಲ ಮರ್ತೋಗ್ತದೆ."

ಧನಲಕ್ಷ್ಮಿ ಸೋಲದೇವನಹಳ್ಳಿಯ ಒಂದು ಪಿ.ಜಿ.ಯಲ್ಲಿ ನಲವತ್ತು ಹುಡುಗಿಯರಿಗೆ ಅಡುಗೆ ಮಾಡುತ್ತಿದ್ದಳು. ಅದರ ಯಜಮಾನ ಗಿರಿ ಅವಳ ಜಾಗಕ್ಕೆ ತಾತ್ಕಾಲಿಕವಾಗಿ ಬೇರೆಯವರನ್ನು ಇಟ್ಟುಕೊಂಡಿದ್ದ. ಅದೇ ವಾರ ಫೋನ್ ಮಾಡಿದ.

"ಅಕ್ಕಾ, ಹುಡುಗೀರು ನಿಮ್ಮ ಸಾರು ಕೇಳ್ತಾವ್ರೆ. ಏನಂದ್ರು ಡಾಕ್ಟ್ರು?"

"ಏನೂ ಇಲ್ಲ ಅಂದ್ರು ಗಿರಿ."

"ಅಯ್ಯೋ, ಒಳ್ಳೇದೇ ಆಯ್ತಲ್ಲಕ್ಕಾ! ಹಾಗಾದ್ರೆ ಸೋಮವಾರದಿಂದ ಬರ್ತೀರಾ?"

ಹತ್ತು ಸೇರಿನ ಅನ್ನದ ಪಾತ್ರೆ ಇಳಿಸಲು ಆಗುವುದಿಲ್ಲ ಅಂದರೆ ಯಾಕೆ ಅನ್ನುತ್ತಾನೆ. ಯಾಕೆ ಅಂದರೆ ತೋರಿಸಲು ಕೈಯಲ್ಲಿ ಒಂದು ಕಾಗದವಿಲ್ಲ. "ಹೇಳ್ತೀನಿ," ಎಂದು ಫೋನಿಟ್ಟಳು. ಅವತ್ತಿನಿಂದ ಎದೆ ಬಡಿದುಕೊಂಡರೂ ಮನೆಯಲ್ಲಿ ಹೇಳುವುದನ್ನು ಬಿಟ್ಟಳು. ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ನಿಲ್ಲುವ ತನಕ ಗೋಡೆ ಹಿಡಿದುಕೊಂಡಿದ್ದು ಬರುತ್ತಿದ್ದಳು. ಹಾಗೆ ಬರುವಾಗ ಒಂದು ಸಲ ಸಂಯುಕ್ತಾ ಎದುರಿಗೇ ನಿಂತಿದ್ದಳು.

"ಬಂದಿತ್ತಾ ಅಮ್ಮ?"

"ಇಲ್ಲ ಕಣೆ."

"ಸುಳ್ಳು ಹೇಳ್ಬೇಡ. ಮುಖ ನೋಡ್ಕೋ."

ಡಿಸೆಂಬರ್ ಮೊದಲ ವಾರ ಅತೀಯಾ ಡಾಕ್ಟರ ಹತ್ತಿರ ಮಗಳೇ ಎಳೆದುಕೊಂಡು ಹೋದಳು. ಡಾಕ್ಟರು ಈ ಸಲ ರಿಪೋರ್ಟಿನ ಜೊತೆ ಸಂಯುಕ್ತಾ ಬರೆದ ಹಾಳೆಯನ್ನೂ ತೆಗೆದು ನೋಡಿದರು. ಗಟ್ಟಿಯಾಗಿ ಓದಿದರು.

"ಹನ್ನೊಂದು ಗಂಟೆ, ಮಲಗಿದ್ದರು. ಹನ್ನೆರಡು ಗಂಟೆ, ಮಲಗಿದ್ದರು. ಒಂದು ಗಂಟೆ, ಮಲಗಿಕೊಂಡೇ ಊಟ ಮಾಡಿದರು. ಎರಡು ಗಂಟೆ, ಮಲಗಿದ್ದರು." ಹಾಳೆ ಕೆಳಗಿಟ್ಟರು. "ಇದು ಯಾರ ದಿನ ಅಮ್ಮ? ನಿಮ್ದಾ?"

"ನಂದೇ."

"ದಿನಾ ಹೀಗೇ ಇರ್ತೀರಾ?"

"ಎಲ್ಲಿ ಬಂತು ಮೇಡಂ. ವೈರ್ ಕಿತ್ತು ಬರುತ್ತೆ ಅಂತ ಇವರೆಲ್ಲ ಅಲುಗಾಡೋಕೆ ಬಿಡ್ಲಿಲ್ಲ."

ಡಾಕ್ಟರಿಗೆ ನಗು ಬಂತು. "ಇಷ್ಟು ಚೆನ್ನಾಗಿ ನೋಡ್ಕೊಂಡ್ರೆ ಮಿಷನ್ನಿಗೆ ಏನು ಕಾಣುತ್ತೆ? ಇನ್ನೊಂದು ಸಲ ಹಾಕ್ತೀನಿ. ಈ ಸಲ ಮಾಮೂಲಿ ದಿನ ಬೇಕು ನಂಗೆ. ಮೆಟ್ಟಿಲು ಹತ್ತಿ, ಬಟ್ಟೆ ಒಗೀರಿ, ಯಾರ ಜೊತೆ ಜಗಳ ಆಡ್ತೀರೋ ಆಡಿ. ತಲೆ ಸುತ್ತಿದ್ರೆ ಮಾತ್ರ ಕೂತ್ಕೊಳಿ."

ಎರಡನೇ ಸಲ ಯಂತ್ರ ಕಟ್ಟಿದ್ದು ಒಂದು ಸೋಮವಾರ ಸಂಜೆ. ಹಾಳೆಯನ್ನು ಧನಲಕ್ಷ್ಮಿ ತನ್ನ ಹತ್ತಿರವೇ ಇಟ್ಟುಕೊಂಡಳು. ಮಂಗಳವಾರ ಬೆಳಿಗ್ಗೆ ಎದ್ದು ನೋಡುತ್ತಾಳೆ, ಅಂಗಳ ಗುಡಿಸಿ ರಂಗೋಲಿ ಹಾಕಿ ಆಗಿತ್ತು. ಅತ್ತೆ ಮೂಲೆಯಲ್ಲಿ ಸುಮ್ಮನೆ ಕೂತಿದ್ದಳು.

"ಅತ್ತೆ, ಮಾಮೂಲಿಯಾಗಿರಿ ಅಂದಿದ್ದಾರೆ. ನೀವ್ಯಾಕೆ ಗುಡಿಸಿದ್ರಿ? ಬೆಳಿಗ್ಗೆಯಿಂದ ಒಂದು ಮಾತೂ ಆಡಿಲ್ಲ."

"ಏನ್ ಆಡ್ಲಿ?"

"ದಿನಾ ಆಡೋದು. ಕಾಫಿ ತಡ ಆಯ್ತು ಅನ್ನಿ."

"ತಡ ಆಗಿಲ್ವಲ್ಲಮ್ಮಿ. ಸುಮ್ಸುಮ್ನೆ ಎಂಗ್ ಬಯ್ಯಾದು? ಬೈಗ್ಳ ಏನು ಅಂಗ್ಡೀಲಿ ತೂಕಕ್ಕೆ ಸಿಕ್ತದಾ?"

ಧನಲಕ್ಷ್ಮಿ ಬಟ್ಟೆ ಒಗೆದು ಬಕೆಟ್ ತುಂಬಿಟ್ಟು, ಒಲೆ ಆರಿಸಿ ಬರಲು ಒಳಗೆ ಹೋದಳು. ಹೊರಗೆ ಬಂದರೆ ಬಕೆಟ್ ಇರಲಿಲ್ಲ. ಬೆಳಗಿನ ಟ್ರಿಪ್ ಮುಗಿಸಿ ಬಂದಿದ್ದ ಚನ್ನಕೇಶವ ಮಹಡಿಯಿಂದ ಖಾಲಿ ಬಕೆಟ್ ಹಿಡಿದು ಇಳಿಯುತ್ತಿದ್ದ.

"ಯಾರು ಹೇಳಿದ್ದು ನಿಮ್ಗೆ ಒಣಗಾಕೋಕೆ?"

"ಅಲ್ವೇ, ಎರಡು ಮಹಡಿ ಹತ್ಬೇಕಲ್ಲ ನೀನು..."

"ಹತ್ಬೇಕು ಅಂತಲೇ ಒಗೆದಿದ್ದು! ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ಬಕೆಟ್ ಮುಟ್ಟಿದೀರಾ? ಇವತ್ತೇ ಮುಟ್ಬೇಕಿತ್ತಾ?"

"ಸಹಾಯ ಮಾಡಿದ್ದೂ ತಪ್ಪಾ?"

"ಇವತ್ತು ತಪ್ಪು!"

"ನೋಡವ್ವ ನಿನ್ ಸೊಸೆನ," ಎಂದ ಅವನು ತಾಯಿಯ ಕಡೆ ತಿರುಗಿ.

"ಅವ್ಳು ಏಳೋದು ಸರಿಯಾಗೇ ಅದೆ ಕಣ್ಲಾ. ಡಾಕ್ಟ್ರು ಏನಂದವ್ರೆ? ಮಾಮೂಲಿಯಾಗಿರ್ಬೇಕು. ನೀನು ಬಟ್ಟೆ ಒಣಗಾಕೋದು ಯಾವೂರ ಮಾಮೂಲಿ? ಓಗು, ಕಿತ್ಕಂಡು ಬಾ."

ಚನ್ನಕೇಶವ ಮೇಲೆ ಹೋಗಿ, ಒಣಹಾಕಿದ್ದನ್ನೆಲ್ಲ ಕಿತ್ತು ತಂದು ಬಕೆಟ್ಟಿಗೆ ಹಾಕಿದ. ಧನಲಕ್ಷ್ಮಿ ಅದನ್ನು ಎಡಗೈಯಲ್ಲಿ ಎತ್ತಿಕೊಂಡು ಹೊರಟಳು. ಮೊದಲ ಮಹಡಿಯ ತಿರುವಿನಲ್ಲಿ ಪಕ್ಕೆ ಜಗ್ಗಿತು. ಎರಡನೆಯದರಲ್ಲಿ ಎದೆ ಶುರುವಾಯಿತು. ಅವಳು ಮೆಟ್ಟಿಲ ಮೇಲೆ ಕೂತು, ಸೆರಗಿನಿಂದ ಹಾಳೆ ತೆಗೆದು ಬರೆದಳು: ಹತ್ತು ಐವತ್ತು. ಬಟ್ಟೆ. ಬಂತು. ಕೆಳಗೆ ನಿಂತು ನೋಡುತ್ತಿದ್ದ ಗಂಡ ಎರಡು ಮೆಟ್ಟಿಲು ಹತ್ತಿದ. "ಬರ್ಬೇಡಿ," ಎಂದಳು. ಅವನು ಅಲ್ಲೇ ನಿಂತ.

ಸಂಜೆ ನಾಲ್ಕೂ ಇಪ್ಪತ್ತಕ್ಕೆ ಸುಮ್ಮನೆ ಕೂತು ಬಟ್ಟೆ ಮಡಿಸುತ್ತಿದ್ದಾಗ ಮತ್ತೊಂದು ಸಲ ಬಂತು. ಅದನ್ನೂ ಬರೆದಳು.

ಮುಂದಿನ ಸೋಮವಾರ ಡಾಕ್ಟರು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. ಒಂದೇ ಅಂತರದಲ್ಲಿ ಸಾಗುತ್ತಿದ್ದ ಗೆರೆ ಒಂದು ಕಡೆ ಇದ್ದಕ್ಕಿದ್ದಂತೆ ಒತ್ತೊತ್ತಾಗಿ ಎದ್ದು ಬಿದ್ದಿತ್ತು.

"ಹತ್ತು ಐವತ್ತು. ಇದು ನಾಲ್ಕು ಇಪ್ಪತ್ತು. ನೀವು ಬರೆದಿರೋ ಟೈಮಿಗೆ ಸರಿಯಾಗಿದೆ."

"ಅಂದ್ರೆ ಇದೆ?"

"ಇದೆ."

"ನಾನಾಗಿ ಅನ್ಕೊಂಡಿದ್ದಲ್ಲ?"

"ಅಲ್ಲಮ್ಮ. ಬೆಳಗಿನ ಜಾವ ನೀವು ನಿದ್ದೆಯಲ್ಲಿದ್ದಾಗಲೂ ಒಂದು ಸಲ ಬಂದಿದೆ. ನಿದ್ದೆಯಲ್ಲಿ ಯಾರಾದ್ರೂ ಅನ್ಕೊಳ್ತಾರಾ?"

ಧನಲಕ್ಷ್ಮಿ ಕಣ್ಣೊರೆಸಿಕೊಂಡಳು. ಡಾಕ್ಟರು ಉಳಿದದ್ದನ್ನೂ ಹೇಳಿದರು. ಹೃದಯ ಗಟ್ಟಿಯಾಗಿದೆ, ಬಡಿತ ಮಾತ್ರ ಆಗಾಗ ದಾರಿ ತಪ್ಪುತ್ತದೆ, ಜೀವಕ್ಕೆ ಅಪಾಯ ಕಾಣುವುದಿಲ್ಲ. ಯಾಕೆ ಆಗುತ್ತಿದೆ ಎಂದು ತನಗೂ ಗೊತ್ತಿಲ್ಲ. ಸದ್ಯಕ್ಕೆ ಮಾತ್ರೆ ಬೇಡ. ಜ್ಞಾನ ತಪ್ಪಿದರೆ ಮಾತ್ರ ತಕ್ಷಣ ಬರಬೇಕು. ಪಕ್ಕೆಯ ನೋವು ತೂತು ಮಾಡಿದ ಜಾಗದ ನರದ್ದಿರಬಹುದು, ತಿಂಗಳುಗಳೇ ಹಿಡಿಯಬಹುದು. ಭಾರ ಎತ್ತುವುದು, ಬಲ ಹಾಕಿ ತಿರುಗಿಸುವುದು ಸದ್ಯಕ್ಕೆ ಬೇಡ.

ಚನ್ನಕೇಶವ ಆ ಗೆರೆಯ ಕಾಗದವನ್ನು ಮೂರು ಜೆರಾಕ್ಸ್ ಮಾಡಿಸಿದ. ಯಾಕೆ ಮೂರು ಎಂದು ಅವನಿಗೂ ಗೊತ್ತಿರಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, "ಭಯ ಪಡೋ ಅಂಥದ್ದೇನಿಲ್ವಂತೆ ಕಣವ್ವ," ಎಂದ.

"ಅಂಗಾದ್ರೆ ಏನೂ ಇಲ್ಲ ಅನ್ನು."

"ಏನೂ ಇಲ್ಲ ಅಂತಲ್ಲ ಅಜ್ಜಿ," ಎಂದಳು ಸಂಯುಕ್ತಾ. "ಇದೆ. ಆದ್ರೆ ಅಪಾಯ ಇಲ್ಲ. ಇಲ್ನೋಡು, ಗೆರೆ."

ಮುನಿಶಾಮಮ್ಮ ಕಾಗದವನ್ನು ದೂರ ಹಿಡಿದು ನೋಡಿದಳು. "ಕೋಳಿ ಕೆರ್ದಂಗದೆ. ನಂಗೇನ್ ತಿಳೀತದೆ. ಮಾತ್ರೆ ಕೊಟ್ಟವ್ರಾ?"

"ಬೇಡ ಅಂದ್ರು."

"ಮಾತ್ರೆ ಬೇಡ್ದೆ ಇರೋದು ಎಂಥಾ ಕಾಯ್ಲೆ? ಸದ್ಯ, ದೇವ್ರು ದೊಡ್ಡೋನು." ಮುದುಕಿಗೆ ನಿಜವಾಗಿಯೂ ಸಂತೋಷವಾಗಿತ್ತು. ಪಕ್ಕದ ಮನೆಯವರಿಗೂ ಕೂಗಿ ಹೇಳಿದಳು. ಆಮೇಲೆ ಒಳಗೆ ಬಂದು, "ನಾಳೆ ಒಂಚೂರು ಮುದ್ದೆ ಮಾಡಮ್ಮಿ," ಎಂದಳು.

ಸಂಯುಕ್ತಾ ಬಾಯಿ ತೆರೆದಳು. ಧನಲಕ್ಷ್ಮಿ ಕಣ್ಣಿನಲ್ಲೇ ಬೇಡ ಅಂದಳು. ಕಾಗದ ತಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದವಳಿಗೆ ವಾದ ಮಾಡುವ ಶಕ್ತಿ ಉಳಿದಿರಲಿಲ್ಲ. ಐದು ದಿನ ಮುದ್ದೆ ಮಾಡಿದಳು. ಹಲ್ಲು ಕಚ್ಚಿ, ಕೋಲನ್ನು ಎಡಗೈಗೆ ಬದಲಾಯಿಸಿ, ಮಧ್ಯೆ ಒಂದು ಸಲ ಕೂತೆದ್ದು. ಗಿರಿಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಹೆಚ್ಚುತ್ತೀನಿ, ರುಬ್ಬುತ್ತೀನಿ, ಒಗ್ಗರಣೆ ಹಾಕ್ತೀನಿ, ಪಾತ್ರೆ ಎತ್ತಲ್ಲ. ಅವನು, "ಎತ್ತೋಕೆ ಯಾರನ್ನಾದ್ರೂ ನೋಡ್ತೀನಿ ಬಿಡಿ ಅಕ್ಕ, ಈ ತಿಂಗ್ಳು ಕಳೀಲಿ," ಅಂದ.

ಆರನೇ ದಿನ ಭಾನುವಾರ. ಅವರೆಕಾಯಿ ಚೆನ್ನಾಗಿ ಬಂದಿತ್ತು. ರಾತ್ರಿ ನೆನೆಹಾಕಿದ್ದ ಕಾಳನ್ನು ಮುಂದಿಟ್ಟುಕೊಂಡು ಅತ್ತೆ ಸೊಸೆ ಬಾಗಿಲ ಬಿಸಿಲಲ್ಲಿ ಹಿತಕುತ್ತಾ ಕೂತಿದ್ದರು. ಒಂದೊಂದು ಕಾಳನ್ನೂ ಎರಡು ಬೆರಳಿನ ಮಧ್ಯೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಬಟ್ಟಲಿಗೆ ಬೀಳುತ್ತಿತ್ತು. ಇದ್ದಕ್ಕಿದ್ದಂತೆ ಧನಲಕ್ಷ್ಮಿಯ ಕೈ ನಿಂತಿತು.

"ಯಾಕಮ್ಮಿ?"

"ಬಂತು ಅತ್ತೆ."

"ಸುಮ್ನೆ ಕುಂತಿದ್ಯಲ್ಲೇ. ನೀರ್ ಕುಡಿ."

ಧನಲಕ್ಷ್ಮಿ ಏಳಲಿಲ್ಲ. ಬಚ್ಚಲಿಗೂ ಹೋಗಲಿಲ್ಲ. ಅತ್ತೆಯ ಬಲಗೈಯನ್ನು, ಅಂಟಿದ್ದ ಅವರೆಸಿಪ್ಪೆಯ ಸಮೇತ ಹಿಡಿದುಕೊಂಡು ತನ್ನ ಎದೆಯ ಎಡಗಡೆಗೆ ಒತ್ತಿಕೊಂಡಳು. ಮುನಿಶಾಮಮ್ಮ, "ಏಯ್, ಬಿಡು, ಒದ್ದೆ ಕೈ," ಎಂದು ಎಳೆದುಕೊಳ್ಳಲು ಹೋದವಳು, ಎಳೆದುಕೊಳ್ಳಲಿಲ್ಲ. ತಲೆ ಒಂದು ಕಡೆ ವಾಲಿಸಿ ಕಿವಿಗೊಟ್ಟವಳ ಹಾಗೆ ಕೂತಳು.

"ಅಯ್ಯೋ. ಏನವ್ವಾ ಇದು! ಕುಕ್ಕೆ ಒಳಗೆ ಕೋಳಿ ಒದ್ದಾಡ್ದಂಗೆ ಒದ್ದಾಡ್ತದಲ್ಲ."

ಧನಲಕ್ಷ್ಮಿ ತಲೆಯಾಡಿಸಿದಳು. ಮಾತಾಡಲು ಉಸಿರು ಸಾಲದಾಗಿತ್ತು.

"ದಿನಾ ಇಂಗೇನಾ?"

"ದಿನಾ ಇಲ್ಲ. ವಾರಕ್ಕೆ ಮೂರ್ನಾಲ್ಕು ದಿನ."

"ಇದನ್ನ ಒಳಗಿಟ್ಕಂಡು ಐದು ದಿವ್ಸ ಮುದ್ದೆ ತೊಳಸ್ದಾ?" ಮುದುಕಿಯ ದನಿ ಗದರಿಸುವ ಹಾಗೇ ಇತ್ತು. "ನಾನೇನೋ ಏಳ್ದೆ. ನಿಂಗೆ ಬಾಯಿ ಇರ್ಲಿಲ್ವಾ?"

ಒಳಗಿನಿಂದ ಬಂದ ಚನ್ನಕೇಶವ ಇಬ್ಬರನ್ನೂ ನೋಡಿ ಗಾಬರಿಯಾಗಿ, "ಏನಾಯ್ತವ್ವ?" ಎಂದ.

"ಶ್! ನಿಂತ್ಕೋ ಅಲ್ಲೇ," ಎಂದಳು ಮುನಿಶಾಮಮ್ಮ, ಕೈ ತೆಗೆಯದೆ.

ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಾ ಹೋದಳು. ಪಕ್ಕದ ಮನೆಯವರು ಸ್ಕೂಟರ್ ತೆಗೆದರು. ನಿಧಾನವಾಗಿ ಧನಲಕ್ಷ್ಮಿಯ ಉಸಿರು ಸಮಕ್ಕೆ ಬಂತು, ಅಂಗೈಗೆ ಬಿಸಿ ಬಂತು.

"ನಿಂತೋಯ್ತು ಅತ್ತೆ. ಬಿಡಿ."

"ನಿಂಗೆ ನಿಂತಿರ್ಬೋದು," ಎಂದಳು ಮುನಿಶಾಮಮ್ಮ. "ನಂಗಿನ್ನೂ ಗೊತ್ತಾಗ್ಬೇಕು. ಅಲುಗ್ದೆ ಕುಂತ್ಕೋ."